ರೆಹಮತ್‌ಬಿ ವಾಪಸ್ ತಂದ ಹನ್ನೊಂದು ಪೊಟ್ಟಣ

ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಬುಡದಲ್ಲಿ, ಬೆಳಗಿನ ವಾಕಿಂಗಿಗೆ ಬರುವವರಿಗಾಗಿ ಒಂದು ಸಣ್ಣ ಸಂತೆಯೇ ನೆರೆಯುತ್ತದೆ. ಹಾಗಲಕಾಯಿ ರಸ ಒಬ್ಬರದು, ರಾಗಿ ಅಂಬಲಿ ಇನ್ನೊಬ್ಬರದು, ಮೊಳಕೆ ಕಾಳು ಮತ್ತೊಬ್ಬರದು. ಆ ಸಾಲಿನ ತುದಿಯಲ್ಲಿ ಗೋಣಿತಾಟು ಹಾಸಿಕೊಂಡು ಕೂರುವವಳು ಬೆಂಗೇರಿಯ ರೆಹಮತ್‌ಬಿ. ವಯಸ್ಸು ಅರವತ್ತು ದಾಟಿ ಒಂದೆರಡು ವರ್ಷ. ಅವಳು ಮಾರುವುದು ತಂಗಡಿ ಹೂವೊಂದನ್ನೇ.

ತಂಗಡಿ ಯಾರೂ ನೆಟ್ಟು ನೀರುಣಿಸುವ ಗಿಡವಲ್ಲ. ನೇಗಿಲು ಇಳಿಯದ ಗರಸು ನೆಲಕ್ಕೆ ಈ ಕಡೆ ಮಡ್ಡಿ ಅನ್ನುತ್ತಾರೆ. ಆ ಮಡ್ಡಿಯ ಮೇಲೆ ಎದೆಮಟ್ಟಕ್ಕೆ ಪೊದೆಯಾಗಿ ತಾನೇ ಬೆಳೆಯುತ್ತದೆ. ದನ ಮೂಸಿ ನೋಡಿ ಮುಂದೆ ಹೋಗುತ್ತವೆ. ಕಡಿದರೆ ಮತ್ತೆ ಚಿಗುರುತ್ತದೆ. ಬೇರೆ ಗಿಡಗಳೆಲ್ಲ ಬಾಡಿ ನಿಂತಿರುವಾಗಲೂ ಇದರ ತುದಿಯಲ್ಲಿ ಅರಿಶಿನ ಚೆಲ್ಲಿದ ಹಾಗೆ ಹೂವಿನ ಗೊಂಚಲು ಇರುತ್ತದೆ. ಅವರೆ, ತೊಗರಿಯ ಬಳಗದ್ದೇ ಇದು. ಚಪ್ಪಟೆ ಕಾಯಿ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಕೆಲವರು ಆವರಿಕೆ ಎಂದೂ ಕರೆಯುತ್ತಾರೆ.

ರೆಹಮತ್‌ಬಿಯ ತಂದೆ ಮಕಬೂಲಸಾಬ ತಂಗಡಿ ತೊಗಟೆಯ ವ್ಯಾಪಾರ ಮಾಡುತ್ತಿದ್ದ. ತೊಗಲು ಹದ ಮಾಡಲು ಆಗ ಈ ತೊಗಟೆಯೇ ಬೇಕಿತ್ತು. ಶಿರಗುಪ್ಪಿಯ ಆಚೆಯ ಮಡ್ಡಿಗಳಲ್ಲಿ ಕೊಂಬೆ ಕಡಿದು, ಕಲ್ಲಿನ ಮೇಲಿಟ್ಟು ಜಜ್ಜಿ, ತೊಗಟೆ ಸುಲಿದು ಒಣಗಿಸಿ, ಚಕ್ಕಡಿ ತುಂಬಿಕೊಂಡು ಹುಬ್ಬಳ್ಳಿಗೆ ಬರುತ್ತಿದ್ದ. ಗಂಡುಮಕ್ಕಳಿಲ್ಲದ ಅವನಿಗೆ ರೆಹಮತ್‌ಬಿಯೇ ಜೊತೆ. ಏಳೆಂಟು ವರ್ಷದವಳಾಗಿದ್ದಾಗಿನಿಂದ ಅವಳ ಅಂಗೈ ತೊಗಟೆಯ ರಸಕ್ಕೆ ಕಂದು ಬಣ್ಣಕ್ಕೆ ತಿರುಗಿತ್ತು. ಶಾಲೆಯ ಮುಖ ಅವಳು ನೋಡಲಿಲ್ಲ. ಆದರೆ ಮಡ್ಡಿಯ ಮೇಲಿನ ಒಂದೊಂದು ಗಿಡದ ಗುಣವನ್ನೂ ತಂದೆ ಅವಳಿಗೆ ಹೇಳಿಕೊಟ್ಟಿದ್ದ. ತಂಗಡಿಯ ಎಲೆಯ ಬುಡದಲ್ಲಿ, ಕೊಂಬೆಗೆ ಅಂಟಿಕೊಂಡು, ಕಿವಿಯ ಆಕಾರದ ಪುಟ್ಟ ಎಲೆಯೊಂದು ಇರುತ್ತದೆ.

"ಮೊದಲ ಕಿವಿ ನೋಡು," ಅನ್ನುತ್ತಿದ್ದ ಮಕಬೂಲಸಾಬ. "ಕಿವಿ ಇದ್ರ ತಂಗಡಿ. ಇರಲಿಲ್ಲಂದ್ರ ಹೂವು ಎಷ್ಟ ಹಳದಿ ಇರಲಿ, ಕೈ ಹಚ್ಚಬ್ಯಾಡ."

ಹದಿನೆಂಟಕ್ಕೆ ಅವಳನ್ನು ಬೆಂಗೇರಿಯ ಮಲ್ಲಿಕಸಾಬನಿಗೆ ಕೊಟ್ಟರು. ಅವನು ಟೆಂಪೋ ರಿಪೇರಿಯವನು. ಅಷ್ಟು ಹೊತ್ತಿಗೆ ತೊಗಲು ಹದ ಮಾಡಲು ಕಾರಖಾನೆಯ ಪುಡಿ ಬಂದಿತ್ತು. ತೊಗಟೆ ಕೇಳುವವರಿಲ್ಲದೆ ಮಕಬೂಲಸಾಬ ಚಕ್ಕಡಿ ಮಾರಿದ. ಮುಂದೆ ಮೂವತ್ತು ವರ್ಷ ರೆಹಮತ್‌ಬಿಗೆ ತಂಗಡಿಯ ನೆನಪೇ ಬರಲಿಲ್ಲ. ಬಂದದ್ದು ಮಲ್ಲಿಕಸಾಬನಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಾಗ. ಯಾರೋ ತಂಗಡಿ ಹೂವಿನ ಕಷಾಯ ಒಳ್ಳೆಯದು ಅಂದರು. ಅವಳು ಬೆಂಗೇರಿಯ ಹತ್ತಿರದ ಮಡ್ಡಿಯೊಂದನ್ನು ಹುಡುಕಿಕೊಂಡು ಹೋಗಿ, ಹೂವು ತಂದು ಒಣಗಿಸಿ, ದಿನಾ ಕುದಿಸಿ ಕೊಟ್ಟಳು. ಕಷಾಯ ಕುಡಿದ ಹುರುಪಿನಲ್ಲಿ ಅವನು ಗುಳಿಗೆ ಬಿಟ್ಟ. ಬಿಟ್ಟದ್ದನ್ನು ಹೆಂಡತಿಗೆ ಹೇಳಲಿಲ್ಲ. ಕಾಲಿನ ಗಾಯ ಮಾಯದೆ, ಒಂದೂವರೆ ವರ್ಷ ಹಾಸಿಗೆ ಹಿಡಿದು ತೀರಿಕೊಂಡ.

ಅದಕ್ಕೇ, ಅವನು ಹೋದ ಮೇಲೆ ಹೊಟ್ಟೆಪಾಡಿಗೆ ಬೆಟ್ಟದ ಬುಡದಲ್ಲಿ ಹೂವು ಮಾರಲು ಕೂತ ಮೊದಲ ದಿನದಿಂದಲೂ ಅವಳು ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳುತ್ತಿದ್ದಳು: "ಗುಳಗಿ ಬಿಡಬ್ಯಾಡ್ರಿ. ಇದು ಚಹಾದ ಬದ್ಲಿ, ಔಷಧದ ಬದ್ಲಿ ಅಲ್ಲ." ರಸದಂಗಡಿಯ ಯಂಕಣ್ಣ ನಗುತ್ತಿದ್ದ. "ಯವ್ವಾ, ಹಿಂಗ ಹೇಳಿ ಮಾರಾಕಿನ್ನ ನಿನ್ನ ಒಬ್ಬಾಕಿನ್ನ ನೋಡಿದೆ ನೋಡು." ಆದರೂ ಗಿರಾಕಿಗಳು ಸೇರಿದರು. ಹತ್ತು ವರ್ಷದಲ್ಲಿ ಅವಳ ಕಾಗದದ ಪೊಟ್ಟಣಗಳು ಎಷ್ಟೋ ಮನೆಯ ಅಡಿಗೆಮನೆ ಸೇರಿದವು. ಮೊದಲ ಗಿರಾಕಿ ದಾಕ್ಷಾಯಿಣಿ. ಅರಳೆ ವ್ಯಾಪಾರಿ ಗುರುಪಾದಪ್ಪನವರ ಹೆಂಡತಿ. ಗಂಡನಿಗೆಂದು ವಾರಕ್ಕೊಂದು ಪೊಟ್ಟಣ ಒಯ್ಯುವಳು. ಒಯ್ಯುವಾಗ ಹತ್ತು ನಿಮಿಷ ಅಲ್ಲೇ ಕಟ್ಟೆಯ ಮೇಲೆ ಕೂತು ಮಾತಾಡುವಳು. ಇಬ್ಬರಿಗೂ ಮೊಣಕಾಲು ನೋವು. ಮಾತು ಅಲ್ಲಿಂದಲೇ ಶುರುವಾಗುತ್ತಿತ್ತು.

ಹೋದ ವರ್ಷ ಶ್ರಾವಣದಲ್ಲಿ ರೆಹಮತ್‌ಬಿಗೆ ಜ್ವರ ಬಂತು. ಕೀಲುಕೀಲಿಗೂ ನೋವು, ಕೂತರೆ ಏಳಲಾಗದು. ಮಗ ಜಾವೀದ ಗ್ಯಾರೇಜಿಗೆ ಹೋದರೆ ಬರುವುದು ಸಂಜೆ. ಹೂವು ತರುವ ಕೆಲಸ ಸೊಸೆ ಯಾಸ್ಮಿನಳ ಪಾಲಿಗೆ ಬಂತು. ಯಾಸ್ಮಿನ ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಪೇಟೆಯ ಗಲ್ಲಿಯಲ್ಲಿ, ಗಡಿಯಾರ ರಿಪೇರಿಯವನ ಮನೆಯಲ್ಲಿ ಬೆಳೆದ ಹುಡುಗಿ. ಮಡ್ಡಿ ಎಲ್ಲಿದೆ ಎಂದು ಅತ್ತೆ ಹಾಸಿಗೆಯಲ್ಲಿ ಮಲಗಿಯೇ ದಾರಿ ಹೇಳಿದಳು. ಹಳದಿ ಹೂವು, ಚಪ್ಪಟೆ ಕಾಯಿ ಎಂದಳು. ಕಿವಿಯ ಮಾತು ಹೇಳಲು ಮರೆತಳೋ, ಹೇಳಿದರೂ ಜ್ವರದಲ್ಲಿ ಮಾತು ಹೊರಡಲಿಲ್ಲವೋ, ಅವಳಿಗೆ ಈಗಲೂ ಗೊತ್ತಿಲ್ಲ. ಯಾಸ್ಮಿನ ಒಂದು ಚೀಲ ಹೂವು ತಂದಳು. ಮಳೆಯ ದಿನ, ಬಿಸಿಲಿರಲಿಲ್ಲ. ಒಲೆಯ ಹತ್ತಿರ ಹರವಿ ಒಣಗಿಸಿ ಪೊಟ್ಟಣ ಕಟ್ಟಿದಳು.

ಜ್ವರ ಬಿಟ್ಟ ಮೇಲೆ ರೆಹಮತ್‌ಬಿ ಆ ಪೊಟ್ಟಣಗಳನ್ನು ಒಯ್ದು ಮಾರಲು ಕೂತಳು. ಒಂದನ್ನು ಬಿಚ್ಚಿ ನೋಡಿದಾಗ ಬಣ್ಣ ಸ್ವಲ್ಪ ಕಂದು ಅನಿಸಿತ್ತು. ಮಳೆಯ ಹೂವು, ತೇವಕ್ಕೆ ಹೀಗಾಗಿರಬೇಕು ಅಂದುಕೊಂಡು ಮತ್ತೆ ಕಟ್ಟಿಟ್ಟಳು. ಎರಡು ಬೆಳಗ್ಗೆಗಳಲ್ಲಿ ಹನ್ನೆರಡು ಪೊಟ್ಟಣ ಖರ್ಚಾದವು. ಮೊದಲನೆಯದನ್ನು ದಾಕ್ಷಾಯಿಣಿಯೇ ಒಯ್ದಳು.

ಮೂರನೆಯ ದಿನ ಬೆಳಿಗ್ಗೆ, ಅವಳು ಗೋಣಿತಾಟು ಹಾಸುತ್ತಿದ್ದಾಗ ಒಂದು ಸ್ಕೂಟಿ ಎದುರಿಗೇ ಬಂದು ನಿಂತಿತು. ಇಳಿದವಳು ದಾಕ್ಷಾಯಿಣಿಯ ಮಗಳು ಶಾಂಭವಿ. ತಲೆ ಬಾಚಿರಲಿಲ್ಲ, ಕಣ್ಣು ಊದಿದ್ದವು. ಕೈಯಲ್ಲಿದ್ದ ಪೊಟ್ಟಣವನ್ನು ರೆಹಮತ್‌ಬಿಯ ಮುಂದೆ ಒಗೆದಳು.

"ಏನ್ ಕೊಟ್ಟಿ ನಮ್ಮಪ್ಪಗ? ನಿನ್ನಿ ಮುಂಜಾನಿಂದ ವಾಂತಿ, ತಲಿ ಸುತ್ತು. ದವಾಖಾನ್ಯಾಗ ಅದಾರ. ಹಾರ್ಟ್ ಹೊಡಕೊಳ್ಳೋದು ಕಡಿಮಿ ಆಗೇತಂತ. ನಮ್ಮವ್ವ ಈ ಹೊಸಾ ಪೊಟ್ಟಣದ ಕಷಾಯ ಒಂದ ಕೊಟ್ಟಿದ್ದು. ಬ್ಯಾರೆ ಏನೂ ತಿಂದಿಲ್ಲ ಅವರು!"

ಸುತ್ತಲಿನವರು ಬಂದು ನಿಂತರು. ಯಂಕಣ್ಣ ರಸದ ಲೋಟ ಕೆಳಗಿಟ್ಟು, "ತಂಗಡಿ ಹೂವಿಂದ ಹಂಗೆಲ್ಲಾ ಆಗಂಗಿಲ್ರಿ ಅಕ್ಕಾರ. ಅವರಿಗೆ ಮೊದ್ಲ ಹಾರ್ಟಿಂದು ಇರಬೇಕು," ಅಂದ. ಅವನಿಗೆ ರೆಹಮತ್‌ಬಿಯನ್ನು ಬಚಾವು ಮಾಡುವ ಇರಾದೆ.

ರೆಹಮತ್‌ಬಿ ಬಿದ್ದದ್ದನ್ನು ಎತ್ತಿಕೊಂಡಳು. ಪೊಟ್ಟಣ ಬಿಚ್ಚಿ ಅಂಗೈ ಮೇಲೆ ಸುರಿದುಕೊಂಡಳು. ಬೆಳಕಿಗೆ ಹಿಡಿದು ಬೆರಳಿನಿಂದ ಬಿಡಿಸಿದಳು. ತಂಗಡಿ ಒಣಗಿದರೆ ಎಸಳು ಒಂದೊಂದಾಗಿ ಬಿಡಿಯಾಗುತ್ತದೆ, ಸುಕ್ಕುಸುಕ್ಕಾದ ಎಸಳಿನ ಮೇಲೆ ಕೆಂಪುಗಂದು ನರ ಕಾಣುತ್ತದೆ. ಅಂಥವು ಇದ್ದವು. ಆದರೆ ಅವುಗಳ ನಡುವೆ ತಿರುಚಿಕೊಂಡ ಸಣ್ಣ ಸಣ್ಣ ಕೊಳವೆಯಂಥವೂ ಇದ್ದವು. ಒಂದನ್ನು ನಾಲಿಗೆಯಿಂದ ಒದ್ದೆ ಮಾಡಿದ ಬೆರಳಿನಿಂದ ಅರಳಿಸಲು ನೋಡಿದಳು. ಎಸಳು ಬಿಡಲಿಲ್ಲ, ಬುಡದಲ್ಲಿ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿದ್ದವು, ನೀರು ತುಂಬುವ ಆಲಿಕೆಯ ಹಾಗೆ.

ಅದು ಹಳದಿ ಕಣಗಿಲೆ. ರಸ್ತೆಯ ಬದಿಗೆ, ಹೊಸ ಮನೆಗಳ ಕಂಪೌಂಡಿಗೆ ಚಂದಕ್ಕೆಂದು ಹಚ್ಚುವ ಗಿಡ. ಅದರ ಹಾಲು, ಕಾಯಿ, ಹೂವು ಎಲ್ಲವೂ ವಿಷ.

ಆಮೇಲೆ ಅವಳು ಸೊಸೆಗೆ ಹೇಳಿದ ಪ್ರಕಾರ, ಆ ಗಳಿಗೆಯಲ್ಲಿ ಸುಮ್ಮನಿರಬಹುದಿತ್ತು ಎಂಬ ವಿಚಾರ ಅವಳಿಗೂ ಬಂತು. ಯಂಕಣ್ಣ ಆಡಿದ ಮಾತು ಅಲ್ಲೇ ಇತ್ತು, ಅದನ್ನೇ ಹಿಡಿದುಕೊಂಡರೆ ಸಾಕಿತ್ತು. ಸುತ್ತ ನಿಂತವರಲ್ಲಿ ಒಬ್ಬರಿಗೂ ಒಣಗಿದ ತಂಗಡಿಗೂ ಒಣಗಿದ ಕಣಗಿಲೆಗೂ ವ್ಯತ್ಯಾಸ ಗೊತ್ತಿರಲಿಲ್ಲ. ಆ ವಿಚಾರ ಎಷ್ಟು ಹೊತ್ತು ಇತ್ತೋ, ಒಂದು ಉಸಿರಿನಷ್ಟಿರಬಹುದು.

"ಯವ್ವಾ," ಅಂದಳು ಶಾಂಭವಿಗೆ, "ಪೊಟ್ಟಣ ನಂದ ಐತಿ. ಆದ್ರ ಇದರಾಗ ಕಣಗಿಲ ಕೂಡೇತಿ. ಡಾಕ್ಟರಿಗೆ ಈಗಿಂದೀಗ ಹೇಳಬೇಕು. ಫೋನ್ ಹಚ್ಚು. ಇಲ್ಲ ಅಂದ್ರ ನನ್ನ ಕರಕೊಂಡು ನಡಿ, ನಾನ ಹೇಳ್ತೇನಿ."

ಶಾಂಭವಿ ಫೋನು ಹಚ್ಚಿದಳು. ಅತ್ತ ಯಾರೂ ಎತ್ತಲಿಲ್ಲ. ಎತ್ತುವವರೆಗೆ ಕಾಯದೆ ರೆಹಮತ್‌ಬಿ ಸ್ಕೂಟಿಯ ಹಿಂದೆ ಏರಿದಳು. ಅದಕ್ಕೂ ಮೊದಲು ಅವಳು ಸ್ಕೂಟಿ ಹತ್ತಿದ್ದೇ ಇಲ್ಲ. ದಾರಿಯಲ್ಲಿ ಹೊಸ ಬಡಾವಣೆಯೊಂದರ ಕಂಪೌಂಡಿನಾಚೆಗೆ ಕಣಗಿಲೆ ಬಾಗಿದ್ದು ಕಂಡಿತು. "ಒಂದ್ಸಲ ನಿಂದ್ರಸು," ಎಂದು ಇಳಿದು, ಎಲೆ ಹೂವು ಕಾಯಿ ಸಮೇತ ಒಂದು ಟೊಂಗೆ ಮುರಿದು, ಹಾಲು ಸೋರುವ ತುದಿಗೆ ಸೆರಗಿನ ಚುಂಗು ಸುತ್ತಿ ಹಿಡಿದುಕೊಂಡಳು.

ಆಸ್ಪತ್ರೆಯಲ್ಲಿ ವೈದ್ಯರು ತರುಣಿ. ಗುರುಪಾದಪ್ಪನವರಿಗೆ ಮೊದಲೇ ಹೃದಯದ ಗುಳಿಗೆ ನಡೆದಿದ್ದರಿಂದ, ಅದೇ ತೊಂದರೆ ಹೆಚ್ಚಾಗಿದೆ ಎಂದುಕೊಂಡು ಚಿಕಿತ್ಸೆ ಮಾಡುತ್ತಿದ್ದರು. ರೆಹಮತ್‌ಬಿ ಮೇಜಿನ ಮೇಲೆ ಒಂದು ಕಡೆ ಪೊಟ್ಟಣ ಸುರಿದಳು, ಇನ್ನೊಂದು ಕಡೆ ಟೊಂಗೆ ಇಟ್ಟಳು.

"ಇದು ಅದರಾಗ ಕೂಡೇತ್ರಿ ಡಾಕ್ಟರ. ಅರ್ಧಕ್ಕರ್ಧ ಇಲ್ಲ, ನಾಕರಾಗ ಒಂದು ಪಾಲು ಇರಬೇಕು. ಎರಡು ದಿನ ಕುಡದಾರ."

ವೈದ್ಯೆ ಟೊಂಗೆಯ ಫೋಟೋ ತೆಗೆದು ಯಾರಿಗೋ ಕಳಿಸಿ, ಫೋನಿನಲ್ಲಿ ಮಾತಾಡಿ, ಬೇಗಬೇಗ ಒಳಗೆ ಹೋದರು. ಕೊಡುತ್ತಿದ್ದ ಒಂದು ಗುಳಿಗೆ ನಿಲ್ಲಿಸಿದರು. ಬೇರೆ ಔಷಧ ಶುರು ಮಾಡಿದರು. ಹೊರಗೆ ಬಂದು, "ಗೊತ್ತಾಗಿದ್ದು ಛಲೋ ಆತು. ಇದರ ಮ್ಯಾಲೆ ಆ ಗುಳಗಿ ಹಂಗ ಕೊಟ್ಕೋತ ಹೋಗಿದ್ರ ಇನ್ನೂ ತ್ರಾಸ ಆಗ್ತಿತ್ತು," ಅಂದರು.

ಬೆಂಚಿನ ಮೇಲೆ ಕೂತಿದ್ದ ದಾಕ್ಷಾಯಿಣಿ ರೆಹಮತ್‌ಬಿಯ ಕಡೆ ನೋಡಲಿಲ್ಲ. ಶಾಂಭವಿ ಕೇಳಿದಳು: "ಯಾರ ಕೂಡಿಸಿದ್ರು ಇದನ್ನ?"

"ಮಾರಿದಾಕಿ ನಾನು. ತಪ್ಪು ನಂದ," ಎಂದಳು ರೆಹಮತ್‌ಬಿ. ಸೊಸೆಯ ಹೆಸರು ಎತ್ತಲಿಲ್ಲ.

ಮನೆಗೆ ಬಂದಾಗ ಯಾಸ್ಮಿನ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಕಣಗಿಲೆಯ ಒಂದು ಹೂವನ್ನು ಅವಳ ಮುಂದೆ ಹಿಡಿದಳು. ಯಾಸ್ಮಿನಳ ಕೈ ನಿಂತಿತು.

"ಮಡ್ಡಿ ಮ್ಯಾಲೆ ಹೂವ ಇರಲಿಲ್ಲ ಅಮ್ಮಾ. ಮಳಿ ಎಲ್ಲಾ ಉದುರಿಸಿತ್ತು. ಅರ್ಧಾ ಮಡ್ಡಿ ಜೆಸಿಬಿ ಹಚ್ಚಿ ಸಪಾಟ ಮಾಡ್ಯಾರ. ಚೀಲ ತುಂಬಲಿಲ್ಲ. ಬರೂ ದಾರ್ಯಾಗ ಕಂಪೌಂಡ್ ಬಾಜೂಕ ಇವು ಬಿದ್ದಿದ್ವು. ಹಳದೀನ ಇದ್ವು... ನೀವು ಬರೀ ಕೈಲೆ ಬಂದಿ ಅಂತೀರಿ ಅಂತ ಅಂಜಿಕಿ ಬಂತು."

ರೆಹಮತ್‌ಬಿಯ ಕೈ ಮೇಲೆದ್ದಿತು. ಹಾಗೇ ಇಳಿಯಿತು. ಗೋಡೆಗೆ ಒರಗಿ ಕೂತಳು. "ಎರಡು ವರ್ಷದಾಗ ನಿನ್ನ ಒಂದ ದಿನಾ ಮಡ್ಡಿಗೆ ಕರಕೊಂಡು ಹೋಗಿಲ್ಲ ನಾ," ಎಂದಳು. "ನಮ್ಮಪ್ಪ ನನಗ ವರ್ಷಗಟ್ಟಲೆ ತೋರಿಸಿದ್ದು, ನಾ ನಿನಗ ಹಾಸಗ್ಯಾಗ ಮಲಗಿ ಒಂದ ಮಾತಿನಾಗ ಹೇಳಿದೆ. ರೊಟ್ಟಿ ಬಿಡು. ಬುರಕಾ ಹಾಕ್ಕೋ. ಇನ್ನೂ ಹನ್ನೊಂದು ಪೊಟ್ಟಣ ಹೊರಗ ಅದಾವ."

ಗಿರಾಕಿಗಳ ಹೆಸರು ಅವಳಿಗೆ ಗೊತ್ತಿರಲಿಲ್ಲ. ಮುಖ ಗೊತ್ತಿದ್ದವು, ಕೆಲವರ ಮನೆಯ ದಿಕ್ಕು ಗೊತ್ತಿತ್ತು. ಆ ಮಧ್ಯಾಹ್ನವೇ ಇಬ್ಬರೂ ಮನೆ ಗೊತ್ತಿದ್ದ ನಾಲ್ವರ ಬಾಗಿಲು ತಟ್ಟಿದರು. ಮೂರು ಮನೆಯಲ್ಲಿ ಪೊಟ್ಟಣ ಬಿಚ್ಚಿಯೇ ಇರಲಿಲ್ಲ. ನಾಲ್ಕನೆಯ ಮನೆಯಲ್ಲಿ ಹೆಣ್ಣುಮಗಳೊಬ್ಬಳು ಒಂದು ಲೋಟ ಕುಡಿದಿದ್ದಳು, ಹೊಟ್ಟೆ ತೊಳಸುತ್ತಿದೆ ಎಂದು ಮಲಗಿದ್ದಳು. ಅವಳ ಗಂಡ ರೆಹಮತ್‌ಬಿಗೆ ಬಾಯಿಗೆ ಬಂದಂತೆ ಬೈದ. ಅವಳು ಬೈಸಿಕೊಂಡು, "ಮೊದ್ಲ ದವಾಖಾನಿಗೆ ಒಯ್ರಿ, ಆಮ್ಯಾಲೆ ಬೈರಿ, ನಾ ಎಲ್ಲೂ ಹೋಗಂಗಿಲ್ಲ," ಎಂದು ಆಟೋ ಹತ್ತಿಸಿಯೇ ಬಿಟ್ಟಳು. ಆ ಹೆಣ್ಣುಮಗಳನ್ನು ಒಂದು ದಿನ ಇಟ್ಟುಕೊಂಡು ನೋಡಿ ಮನೆಗೆ ಕಳಿಸಿದರು.

ಮರುದಿನ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಅವಳು ಗೋಣಿತಾಟು ಹಾಸಲಿಲ್ಲ. ನಿಂತೇ ಇದ್ದಳು. ಪೊಟ್ಟಣದಲ್ಲಿ ಕಣಗಿಲೆ ಕೂಡಿದೆ, ಕುಡಿಯದೆ ವಾಪಸ್ ತಂದುಕೊಡಿ ಎಂದು ಬಂದವರಿಗೆಲ್ಲ ಹೇಳಿದಳು. ಯಂಕಣ್ಣ ಹತ್ತಿರ ಬಂದು ದನಿ ತಗ್ಗಿಸಿದ.

"ಯಾಕ ಡಂಗರಾ ಹೊಡ್ಯಾಕತ್ತಿ? ಒಂದ ಪೊಟ್ಟಣದಾಗ ಇತ್ತು ಅಂದ್ರ ಎಲ್ಲಾದ್ರಾಗ ಇರತೈತೇನು? ನಿಂದಷ್ಟ ಅಲ್ಲ, ನಮ್ಮ ಎಲ್ಲಾರ ಧಂದೇನೂ ಹಾಳಾಗತೈತಿ. ನಾಳಿಂದ ನನ್ನ ರಸಾನೂ ಯಾರೂ ಕುಡ್ಯಂಗಿಲ್ಲ."

"ಯಂಕಣ್ಣಾ, ನಿನ್ನ ಹಾಗಲಕಾಯಿ ಗಿರಾಕಿ ಕಣ್ಣ ಮುಂದ ಹಿಂಡತಿ. ನಂದು ಹಂಗಲ್ಲ," ಎಂದಳು ಅವಳು. ಅವನು ಮುಖ ತಿರುಗಿಸಿಕೊಂಡು ಹೋದ. ಒಂದು ತಿಂಗಳು ಮಾತು ಬಿಟ್ಟಿದ್ದ.

ಅಂದು ಆರು ಪೊಟ್ಟಣ ಬಂದವು. ಕೆಲವರು ಸುಮ್ಮನೆ ಕೊಟ್ಟರು, ಕೆಲವರು "ಇಷ್ಟು ವರ್ಷ ಏನೇನು ಕುಡಿಸಿದಿಯೋ" ಎಂದು ಕೊಟ್ಟರು. ಒಬ್ಬರು ಮಾತ್ರ ಸಿಗಲಿಲ್ಲ. ಉಲನ್ ಟೊಪ್ಪಿಗೆ ಹಾಕಿಕೊಂಡು ಬರುವ, ಸ್ವಲ್ಪ ಕಿವಿ ಮಂದವಾದ ಮುದುಕರು. ಯಾಸ್ಮಿನ ಆ ಓಣಿ ಈ ಓಣಿ ಕೇಳುತ್ತಾ ತಿರುಗಿದಳು. ಕಡೆಗೆ ಅವರ ನೆರೆಮನೆಯವರು ಸಿಕ್ಕರು. ಮುದುಕರು ಧಾರವಾಡದ ಕೆಲಗೇರಿಯಲ್ಲಿ ಮಗಳ ಮನೆಗೆ ಹೋಗಿದ್ದರು. ಫೋನು ಮಾಡಿದರೆ ಕೇಳಿಸದು, ಎತ್ತುವುದೂ ಇಲ್ಲ.

ಅತ್ತೆ ಸೊಸೆ ಬಸ್ಸು ಹತ್ತಿ ಧಾರವಾಡಕ್ಕೆ ಹೋದರು. ಕೆಲಗೇರಿ ಕೆರೆಯ ದಂಡೆಯಲ್ಲಿ ಮುದುಕರು ಮೊಮ್ಮಗಳ ಜೊತೆ ಕಟ್ಟೆಯ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದರು. ರೆಹಮತ್‌ಬಿ ಎರಡು ಸಲ ಗಟ್ಟಿಯಾಗಿ ಹೇಳಿದ ಮೇಲೆ ವಿಷಯ ಅವರ ತಲೆಗೆ ಹೋಯಿತು.

"ಅದನ್ನ ಮಗಳ ಕೈಯಾಗ ಕೊಟ್ಟೀನಿ," ಅಂದರು. "ನನಗೆಲ್ಲಿ ಸಕ್ಕರಿ ಐತಿ? ಆಕಿಗೆ ಐತಿ. ಆಕೀ ಸಲುವಾಗೇ ತಗೋತಿದ್ದೆ."

ಮಗಳು ಅಡಿಗೆಮನೆಯ ಮೇಲಿನ ಹಲಗೆಯಿಂದ ಪೊಟ್ಟಣ ತೆಗೆದುಕೊಟ್ಟಳು. ದಾರ ಬಿಚ್ಚಿರಲಿಲ್ಲ. ಅಷ್ಟು ದೂರ ಬಂದದ್ದಕ್ಕೆ ಇಬ್ಬರಿಗೂ ಚಹಾ ಕೊಟ್ಟಳು. ಯಾಸ್ಮಿನ ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಅತ್ತಳು. ಮುದುಕರಿಗೆ ಯಾಕೆಂದು ತಿಳಿಯದೆ, ಬೊಗಸೆ ತುಂಬ ಶೇಂಗಾ ಅವಳ ಮುಂದೆ ಹಿಡಿದರು.

ಹನ್ನೊಂದು ಪೊಟ್ಟಣಗಳನ್ನೂ ಮನೆಯ ಹಿತ್ತಲಿನಲ್ಲಿ ಆಳವಾಗಿ ಗುಂಡಿ ತೆಗೆದು ಹೂಳಿದರು. ಜಾವೀದ ಸುಟ್ಟುಬಿಡೋಣ ಅಂದಿದ್ದ. ಅದರ ಹೊಗೆಯೂ ಒಳ್ಳೆಯದಲ್ಲ ಎಂದು ರೆಹಮತ್‌ಬಿ ಒಪ್ಪಲಿಲ್ಲ.

ಗುರುಪಾದಪ್ಪ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಬಂದ ಮೇಲೆ ರೆಹಮತ್‌ಬಿ ನೋಡಲು ಹೋದಳು. ಒಳಗೆ ಕರೆಯುತ್ತಾರೋ ಇಲ್ಲವೋ ಎಂದು ಬಾಗಿಲಲ್ಲೇ ನಿಂತಳು. ಗುರುಪಾದಪ್ಪನೇ ಕಾಟಿನ ಮೇಲಿಂದ ಕರೆದರು. ದನಿ ಕ್ಷೀಣವಾಗಿತ್ತು, ಮಾತು ಮಾತ್ರ ಹಳೆಯದೇ.

"ಐವತ್ತು ವರ್ಷ ಅರಳಿ ವ್ಯಾಪಾರ ಮಾಡೀನಿ. ಅರಳಿ ತುಂಬಿದ ಅಂಡಿಗಿ ಒಳಗ ಕೈ ಹಾಕಿ ಜಗ್ಗಿ ನೋಡದ ಒಂದ ಅಂಡಿಗೀನೂ ತಗೊಂಡಿಲ್ಲ. ನಿನ್ನ ಪೊಟ್ಟಣ ಮಾತ್ರ ನೋಡದ ಕುಡದೆ ನೋಡು."

"ನೋಡಿದ್ರೂ ನಿಮಗ ಗೊತ್ತಾಗ್ತಿರಲಿಲ್ರಿ ಸಾಹುಕಾರ. ಒಣಗಿದ ಮ್ಯಾಲೆ ಯಾರಿಗೂ ಗೊತ್ತಾಗಂಗಿಲ್ಲ. ನೋಡಬೇಕಾದಾಕಿ ನಾನು. ನೋಡೀನೂ ಕಟ್ಟಿಟ್ಟೆ. ಇನ್ನ ಒಣಾ ಹೂವು ನಾ ಮಾರಂಗಿಲ್ಲ."

"ಮತ್ತ ಏನ್ ಮಾಡ್ತಿ?"

"ಟೊಂಗಿ ಸಮೇತ ತರ್ತೇನಿ. ಎಲಿ, ಕಾಯಿ, ಹೂವು, ಎಲ್ಲಾ ಕೂಡಿ ಇರಲಿ. ತಗೊಳ್ಳಾವ್ರಿಗೆ ಗುರ್ತು ತೋರಿಸ್ತೇನಿ. ಒಣಗಿಸೂದು ಅವರ ಕೆಲಸ."

ದಾಕ್ಷಾಯಿಣಿ ಒಳಗಿನಿಂದ ನೀರು ತಂದಿಟ್ಟಳು. ಇಟ್ಟವಳೇ ಒಳಗೆ ಹೋದಳು. ಗಂಡನಿಗೆ ತನ್ನ ಕೈಯಾರೆ ಕಷಾಯ ಕುಡಿಸಿದವಳು ತಾನು ಎಂಬುದು ಅವಳ ನೋವಾಗಿತ್ತು. ರೆಹಮತ್‌ಬಿಗೆ ಅದು ತಿಳಿಯಿತು. ನೀರು ಕುಡಿದು ಎದ್ದು ಬಂದಳು.

ಹೇಳಿದ ಹಾಗೆಯೇ ಮಾಡಿದಳು. ಟೊಂಗೆಯ ಹೂವು ಮೊದಲಿನಷ್ಟು ಹೋಗುವುದಿಲ್ಲ. ಮನೆಗೆ ಒಯ್ದು ಬಿಡಿಸಿ ಒಣಗಿಸುವ ವ್ಯವಧಾನ ಎಲ್ಲರಿಗೆಲ್ಲಿದೆ? ಹಳೆಯ ಗಿರಾಕಿಗಳಲ್ಲಿ ಅರ್ಧದಷ್ಟು ಜನ ತಿರುಗಿ ಬರಲಿಲ್ಲ. ಬರುವವರಿಗೆ ಅವಳು ಎಲೆಯ ಬುಡದ ಕಿವಿ ತೋರಿಸುತ್ತಾಳೆ, ನರವಿರುವ ಎಸಳು ತೋರಿಸುತ್ತಾಳೆ, ಕಾಯಿ ಒಡೆದು ಬೀಜ ತೋರಿಸುತ್ತಾಳೆ. ಕೆಲವರಿಗೆ ಬೇಸರ, ಕೆಲವರು ಮಕ್ಕಳನ್ನೂ ಕರೆದು ತೋರಿಸುತ್ತಾರೆ. ಯಾಸ್ಮಿನ ಈಗ ವಾರಕ್ಕೆ ಮೂರು ದಿನ ಅತ್ತೆಯ ಜೊತೆ ಮಡ್ಡಿಗೆ ಹೋಗುತ್ತಾಳೆ. ಮೊದಲ ತಿಂಗಳು ಪ್ರತಿ ಟೊಂಗೆಯನ್ನೂ ಅತ್ತೆಯ ಕಣ್ಣಿಗೆ ಹಿಡಿಯದೆ ಚೀಲಕ್ಕೆ ಹಾಕುತ್ತಿರಲಿಲ್ಲ. ಈಗ ಅವಳ ಕಣ್ಣೇ ಹೆಚ್ಚು ಚುರುಕು.

ಸಂಕ್ರಾಂತಿಯ ಹಿಂದುಮುಂದಿನ ಒಂದು ಬೆಳಿಗ್ಗೆ ದಾಕ್ಷಾಯಿಣಿ ಬಂದಳು. ಹೂವು ಕೇಳಲಿಲ್ಲ. ಕಟ್ಟೆಯ ಮೇಲೆ ಕೂತಳು.

"ಮೊಣಕಾಲು ಹೆಂಗದಾವ?" ಎಂದು ಕೇಳಿದಳು.

"ಜ್ವರ ಬಂದ ಮ್ಯಾಲೆ ಇನ್ನೂ ಕೆಟ್ಟಾವ್ರಿ. ನಿಮ್ಮವು?"

"ಹಂಗ ಅದಾವ."

ಅಷ್ಟೇ ಮಾತು. ಮತ್ತೆ ಎಂಟು ದಿನಕ್ಕೆ ಬಂದಳು. ಅವರ ಮನೆಯಲ್ಲಿ ಕಷಾಯ ಈಗ ಯಾರೂ ಕುಡಿಯುವುದಿಲ್ಲ. ರೆಹಮತ್‌ಬಿ ಕೊಡುವುದೂ ಇಲ್ಲ, ಹೃದಯದ ಗುಳಿಗೆ ತೆಗೆದುಕೊಳ್ಳುವವರಿಗೆ ಅವಳು ಯಾವ ಹೂವನ್ನೂ ಕೊಡುವುದಿಲ್ಲ. ಆದರೆ ಎಂಟು ದಿನಕ್ಕೊಮ್ಮೆ ಆ ಹತ್ತು ನಿಮಿಷ ತಪ್ಪುವುದಿಲ್ಲ.

ಬೆಂಗೇರಿಯ ಹತ್ತಿರದ ಮಡ್ಡಿ ಪೂರ್ತಿ ಸಪಾಟಾಗಿ, ಅಲ್ಲಿ ಪ್ಲಾಟಿನ ಕಲ್ಲು ನಿಂತಿವೆ. ಅತ್ತೆ ಸೊಸೆ ಈಗ ಶಿರಗುಪ್ಪಿಯ ಕಡೆಯ ಬಸ್ಸು ಹಿಡಿಯುತ್ತಾರೆ. ಮೊನ್ನೆ ಕಾರಿನಲ್ಲಿ ಬಂದವನೊಬ್ಬ, ತಂಗಡಿಯ ಪುಡಿ ಮಾಡಿ ಡಬ್ಬಿಯಲ್ಲಿ ತುಂಬಿಕೊಡಿ, ಎಷ್ಟಾದರೂ ಕೊಳ್ಳುತ್ತೇನೆ ಅಂದ. ಅತ್ತೆ ಬಾಯಿ ತೆರೆಯುವ ಮೊದಲೇ ಯಾಸ್ಮಿನ ಅಂದಳು:

"ಪುಡಿ ಮಾಡಂಗಿಲ್ರಿ. ಬೇಕಂದ್ರ ಟೊಂಗಿ ಒಯ್ರಿ. ಕೂಡ್ರಿ ಹಂಗಾರ, ಗುರ್ತು ಹೇಳಿಕೊಡ್ತೇನಿ."

ಅವನಿಗೆ ಹೊತ್ತಿರಲಿಲ್ಲ, ಹೋದ. ಯಾಸ್ಮಿನ ಟೊಂಗೆಗಳ ಮೇಲೆ ನೀರು ಚಿಮುಕಿಸಿ, ಗೋಣಿತಾಟನ್ನು ನೆರಳಿಗೆ ಎಳೆದುಕೊಂಡಳು.